ಗೆರೆಯ ಒಳಗಿನ ಮನೆ

"ಗಿರಣಿ ಮಾರೂದಿಲ್ಲ ಅಂದ್ರ ಮಾರೂದಿಲ್ಲ. ಎಷ್ಟು ಸಲ ಹೇಳ್ಲಿ? ನಿಮ್ಮ ಮರಳಿನ ಮ್ಯಾಲಿನ ಮನಿಗೆ ನನ್ನ ಬೀಸೋ ಕಲ್ಲು ಪಾಯಾ ಹಾಕಾಕ ಸಿಗೂದಿಲ್ಲ!"

"ದನಿ ಸಣ್ಣ ಮಾಡ, ಶಾಮಲಾ. ಬಾಜೂ ಮನಿಯವರು ಕೇಳ್ತಾರ."

"ಕೇಳ್ಲಿ ಬಿಡ್ರಿ. ಅವರಿಗೇನ್ ಕನ್ನಡ ಬರತೈತೇನು?"

"ಕನ್ನಡ ಬರೂದಿಲ್ಲ. ಜಗಳ ಅಂತ ಗೊತ್ತಾಗತೈತಲ್ಲ!"

ಹೀಗೆ ಅಂದವರು ನನ್ನ ಭಾವ, ಬಾಳಾಸಾಹೇಬ. ಸ್ಯಾನ್ ಡಿಯಾಗೋದಿಂದ ಎರಡೂವರೆ ಗಂಟೆ ದಾರಿಯ ಪೋರ್ಟರ್ ರ್ಯಾಂಚಿನಲ್ಲಿ, ಗುಡ್ಡದ ಮೇಲಿನ ಅವರ ಮನೆಯಲ್ಲಿ, ಊಟದ ಟೇಬಲ್ಲಿನ ತಲೆಗಡೆ ಕೂತಿದ್ದರು. ಅವರ ಎಡಕ್ಕೆ ಅವರ ಹೆಂಡತಿ ಪಂಕಜಾ, ಬಲಕ್ಕೆ ನನ್ನ ಗಂಡ ಏಕನಾಥ. ಎದುರಿಗೆ ನಾನು. ನನ್ನ ಪಕ್ಕದಲ್ಲಿ ಭಾವನ ಮಗಳು ಸಂಹಿತಾ, ಸ್ಯಾನ್ ಡಿಯಾಗೋದಲ್ಲಿ ಎಂ.ಎಸ್. ಓದುವವಳು. ಅವತ್ತು ಬೆಳಿಗ್ಗೆ ನನ್ನ ಕಾರಿನಲ್ಲೇ ಬಂದಿದ್ದಳು. ಭಾನುವಾರದ ಊಟಕ್ಕೆ ಬನ್ನಿ ಎಂದು ಕರೆದಿದ್ದರು. ನಾನು ಹೊಸದಾಗಿ ಬೀಸಿದ ಜೋಳದ ಹಿಟ್ಟು ಒಂದು ಚೀಲ ತಂದಿದ್ದೆ. ಅದೇ ಹಿಟ್ಟಿನ ರೊಟ್ಟಿ, ಎಣಗಾಯಿ ಬಡಿಸಿ, ನಾನು ಎರಡನೇ ರೊಟ್ಟಿ ಮುರಿಯುವಾಗ ಗಿರಣಿಯ ಮಾತು ತೆಗೆದರು. ನನಗೆ ಗೊತ್ತಾಗಬೇಕಿತ್ತು. ಭಾವ ಸುಮ್ಮನೆ ಯಾರಿಗೂ ಎಣಗಾಯಿ ಹಾಕಿಸುವವರಲ್ಲ.

ನನ್ನ ಗಿರಣಿ ಇರುವುದು ಸ್ಯಾನ್ ಡಿಯಾಗೋದ ಮೀರಾ ಮೇಸಾದಲ್ಲಿ, ಟೈರ್ ಅಂಗಡಿಗೂ ಲಾಂಡ್ರಿಗೂ ನಡುವೆ. ಒಂದು ದೊಡ್ಡ ಕಲ್ಲಿನ ಯಂತ್ರ, ಒಂದು ಸಣ್ಣದು, ಒಂದು ತಕ್ಕಡಿ, ಹಿಂದೆ ಜೋಳದ ಚೀಲಗಳು. ಬೈಲಹೊಂಗಲ ಕಡೆಯ ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಈ ದೇಶದಲ್ಲಿ ಯಾರೂ ಆಫೀಸಿನ ಕುರ್ಚಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯ ಪ್ಯಾಕೆಟ್ಟಿನ ಹಿಟ್ಟಿನಿಂದ ರೊಟ್ಟಿ ಬಡಿದರೆ ನಡುವೆ ಸೀಳುತ್ತಿತ್ತು. ಆ ಸಿಟ್ಟಿಗೆ ಶುರು ಮಾಡಿದ್ದು. ಈಗ ಅಷ್ಟು ದೂರದ ವಾಲ್‌ನಟ್‌ನಿಂದ, ವುಡ್‌ಲ್ಯಾಂಡ್ ಹಿಲ್ಸ್‌ನಿಂದ ನಮ್ಮವರು ಬರುತ್ತಾರೆ. ನಮ್ಮವರಷ್ಟೇ ಅಲ್ಲ, ಇಥಿಯೋಪಿಯಾದ ಹೆಂಗಸರು ತಮ್ಮ ಸಣ್ಣ ಕಾಳು ತಂದು ಬೀಸಿಸಿಕೊಂಡು ಹೋಗುತ್ತಾರೆ. ಅವರು ಕಾಯುತ್ತ ಕೂತು ಜಗಳ ಆಡುವುದನ್ನು ಕೇಳಿದರೆ ನನಗೆ ನನ್ನ ಊರಿನ ಗಿರಣಿಯೇ ನೆನಪಾಗುತ್ತದೆ. ಕಲ್ಲು ಸವೆದಾಗ ಉಳಿ ಹಿಡಿದು ನಾನೇ ಕಚ್ಚು ಹಾಕುತ್ತೇನೆ. ಬೇರೆಯವರ ಕೈಗೆ ಕೊಡುವುದಿಲ್ಲ.

ಇದನ್ನು ಮಾರಬೇಕಂತೆ. ಯಾತಕ್ಕೆ? ಸಾವಿರಾರು ಮೈಲಿ ಆಚೆ, ಫ್ಲಾರಿಡಾದಲ್ಲಿ, ಸಮುದ್ರ ನುಂಗಿದ ಮನೆಯನ್ನು ಮತ್ತೆ ಅದೇ ಮರಳಿನ ಮೇಲೆ ಎಬ್ಬಿಸುವುದಕ್ಕೆ.

ಆ ಮನೆಯ ಕಥೆ ಹೇಳಬೇಕು. ಕೊರೋನಾ ಬಂದ ಮರುವರ್ಷ, ಇಪ್ಪತ್ತೊಂದರಲ್ಲಿ, ಭಾವ ಅಲ್ಲಿಗೆ ತಿರುಗಾಡಲು ಹೋಗಿದ್ದರು. ಉದ್ದಕ್ಕೆ ಹಗ್ಗ ಎಸೆದ ಹಾಗೆ ಒಂದು ಮರಳಿನ ದ್ವೀಪ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು. ಅದರ ತುದಿಯಲ್ಲಿ, ಕಂಬಗಳ ಮೇಲೆ ನಿಲ್ಲಿಸಿದ ನೀಲಿ ಮನೆ. ಬೆಲೆ ಪಕ್ಕದ ಊರಿನ ಅರ್ಧ. ಭಾವ ಅಲ್ಲಿಂದಲೇ ಫೋನ್ ಮಾಡಿ, "ಏಕ್ಯಾ, ನಮ್ಮ ದೈವ ತೆರೀತೋ!" ಎಂದು ಕೂಗಿದರು. ಅರ್ಧ ಬೆಲೆಗೆ ಏಕೆ ಕೊಡುತ್ತಿದ್ದಾರೆ ಎಂದು ನಾನು ಕೇಳಿದೆ. "ನಿನಗ ಎಲ್ಲಾದ್ರಾಗೂ ಹುಳುಕ ಕಾಣತೈತಿ" ಎಂದರು.

ಭಾವನಿಗೆ ಎರಡು ನಂಬಿಕೆ. ಒಂದು, ಸಾಲದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಪೋರ್ಟರ್ ರ್ಯಾಂಚಿನ ಮನೆಯ ಸಾಲವನ್ನೂ ಹೊಟ್ಟೆ ಬಟ್ಟೆ ಕಟ್ಟಿ ಬೇಗ ತೀರಿಸಿ, ಆಮೇಲೆಯೇ ಬಾಗಿಲಿಗೆ ತೋರಣ ಹಾಕಿದ ಮನುಷ್ಯ. ಇನ್ನೊಂದು, ಆಷಾಢದಲ್ಲಿ ಹೊಸ ಮನೆಗೆ ಕಾಲಿಡಬಾರದು. ಆಷಾಢ ಹತ್ತಿರ ಬಂದಿತ್ತು. ಮನೆ ಮಾರಿಸುವ ಏಜೆಂಟ್, "ಈ ಜಾಗದ ಮೇಲೆ ಸರ್ಕಾರದ್ದೊಂದು ವಿಶೇಷ ನಿಯಮ ಇದೆ, ವಿಮೆಯವರ ಹತ್ತಿರ ಒಮ್ಮೆ ವಿಚಾರಿಸಿ" ಎಂದಿದ್ದನಂತೆ. ಭಾವ ಅದರ ಬದಲು ಹುಬ್ಬಳ್ಳಿಯ ವಾಸ್ತು ಪಂಡಿತರನ್ನು ವಿಡಿಯೋ ಕಾಲಿನಲ್ಲಿ ಹಿಡಿದರು. ಫೋನ್ ಹಿಡಿದುಕೊಂಡು ಕೋಣೆ ಕೋಣೆ ತೋರಿಸಿದರು. ಪಂಡಿತರು ಒಲೆಯನ್ನು ಆಗ್ನೇಯಕ್ಕೆ ಸರಿಸಲು ಹೇಳಿದರು. ಸಮುದ್ರವನ್ನು ಎಲ್ಲಿಗೆ ಸರಿಸಬೇಕು ಎಂದು ಹೇಳಲಿಲ್ಲ.

ಸ್ಯಾನ್ ಡಿಯಾಗೋದಲ್ಲಿದ್ದ ನಮ್ಮ ಮನೆ ಮಾರಿದೆವು. ಭಾವ ತಮ್ಮ ನಿವೃತ್ತಿಯ ಹಣ ಹಾಕಿದರು. ಬ್ಯಾಂಕಿನ ಹೊಸ್ತಿಲು ತುಳಿಯದೆ, ಆಷಾಢಕ್ಕೆ ಮೊದಲು, ಹಾಲು ಉಕ್ಕಿಸಿದೆವು. ಬಾಗಿಲಿಗೆ 'ಮಾತೋಶ್ರೀ' ಎಂಬ ಫಲಕ. ಅತ್ತೆಯವರ ನೆನಪಿಗೆ. ಅತ್ತೆ ಬದುಕಿದ್ದಾಗ ಸಮುದ್ರ ನೋಡಿದವರೇ ಅಲ್ಲ.

ನಾನು ಗಿರಣಿ ಬಿಡಲಿಲ್ಲ. ಮೀರಾ ಮೇಸಾದಲ್ಲಿ ಒಂದು ಬಾಡಿಗೆ ಅಪಾರ್ಟ್‌ಮೆಂಟ್ ಹಿಡಿದೆ. ಏಕನಾಥ ಕೆಲಸದಿಂದ ಬೇಗ ನಿವೃತ್ತಿ ತೆಗೆದುಕೊಂಡು ದ್ವೀಪಕ್ಕೇ ಹೋದರು. ನಾನು ರಜೆಯಲ್ಲಿ ಹೋಗಿ ಬರುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಜಾಗ ಚೆಂದ ಇತ್ತು. ದಂಡೆಯಲ್ಲಿ ಹಗ್ಗ ಕಟ್ಟಿ, ಹಕ್ಕಿ ಮೊಟ್ಟೆ ಇಟ್ಟಿವೆ, ತುಳಿಯಬೇಡಿ ಎಂದು ಬೋರ್ಡು ಹಾಕಿದ್ದರು. ಸಂಜೆ ಇವರು ಆ ಹಗ್ಗದ ಹತ್ತಿರ ಕೂತು ಹಕ್ಕಿ ಎಣಿಸುತ್ತಿದ್ದರು. ಮೂವತ್ತು ವರ್ಷ ಕಂಪ್ಯೂಟರ್ ನೋಡಿದ ಕಣ್ಣಿಗೆ ಅದು ಬೇಕಾಗಿತ್ತೇನೋ.

ಇಪ್ಪತ್ನಾಲ್ಕರ ಸೆಪ್ಟೆಂಬರಿನಲ್ಲಿ ಚಂಡಮಾರುತ ಬಂತು. ಇವರು ಮೊದಲೇ ಒಳನಾಡಿಗೆ ಓಡಿದ್ದರಿಂದ ಜೀವ ಉಳಿಯಿತು. ವಾಪಸ್ ಹೋಗಿ ನೋಡಿದರೆ ಕಂಬಗಳಷ್ಟೇ ನಿಂತಿದ್ದವು. ಆಗ್ನೇಯಕ್ಕೆ ಸರಿಸಿದ ಒಲೆ ಜೌಗಿನಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತಂತೆ. ಗಾಳಿಗೆ ವಿಮೆ ಇತ್ತು. ಕೆಡವಿದ್ದು ಗಾಳಿಯಲ್ಲ, ನೀರು ಎಂದು ವಿಮೆಯವರು ಕೈ ತೊಳೆದುಕೊಂಡರು.

ಆಮೇಲೆ ಫೀಮಾ. ಕೇಂದ್ರ ಸರ್ಕಾರದ ವಿಪತ್ತು ನೆರವಿನವರು. ಇವರು ಅಪ್ಲೈ ಮಾಡಿದರು. ಫೋನ್ ಮಾಡಿದ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದಳು. ಇವರು ನನ್ನನ್ನೂ ಆ ಕರೆಗೆ ಸೇರಿಸಿಕೊಂಡು ಕೇಳಿಸಿದ್ದರು. ನೀವು ಅಲ್ಲೇ ವಾಸ ಇದ್ದವರು, ಆದ್ದರಿಂದ ತಾತ್ಕಾಲಿಕವಾಗಿ ಬಾಡಿಗೆ ಮನೆಗೆ ನೆರವು ಕೇಳಬಹುದು. ಆದರೆ ಮನೆ ಕಟ್ಟಲು, ರಿಪೇರಿಗೆ, ಏನೂ ಇಲ್ಲ. ನಿಮ್ಮ ಜಾಗ ಸಂರಕ್ಷಿತ ಕರಾವಳಿಯ ಗೆರೆಯ ಒಳಗಿದೆ. ಆ ಗೆರೆಯ ಒಳಗೆ ಕಟ್ಟಡಕ್ಕೆ ಕೇಂದ್ರದ ದುಡ್ಡು ಹಾಕಬಾರದು ಎಂದು ಎಂಬತ್ತರ ದಶಕದಲ್ಲೇ ಕಾನೂನಾಗಿದೆ. ಕೇಂದ್ರದ ಪ್ರವಾಹ ವಿಮೆಯೂ ಅಲ್ಲಿ ಸಿಗುವುದಿಲ್ಲ.

"ನೀವು ಮನೆ ತಗೊಂಡಾಗ ನಿಮ್ಮ ಬ್ಯಾಂಕಿನವರು ಪ್ರವಾಹ ವಿಮೆ ಕೇಳಲಿಲ್ಲವೇ, ಸರ್? ಆಗಲೇ ಗೊತ್ತಾಗಿರುತ್ತಿತ್ತು."

"ಬ್ಯಾಂಕೇ ಇಲ್ಲ ಮೇಡಂ. ಸಾಲ ಇಲ್ಲದ ಮನೆ ನಮ್ಮದು" ಎಂದರು ಇವರು. ಆಗಲೂ ದನಿಯಲ್ಲಿ ಒಂದಿಷ್ಟು ಜಂಬ ಇತ್ತು.

ಆ ಹೆಂಗಸು "ಐ ಆಮ್ ಸೋ ಸಾರಿ, ಸರ್" ಎಂದಳು.

ರಸ್ತೆಯ ಆಚೆ ಬದಿಗೆ ಒಬ್ಬ ಮುದುಕ ಮೀನುಗಾರನ ಮನೆ ಇತ್ತು. ಅದೂ ಹೋಯಿತು. ಅವನಿಗೆ ವಿಮೆಯೂ ಸಿಕ್ಕಿತು, ನೆರವೂ ಸಿಕ್ಕಿತು. ಗೆರೆ ರಸ್ತೆಯ ನಟ್ಟನಡುವೆ ಹೋಗಿತ್ತು. ಒಂದೇ ಸಮುದ್ರ, ಒಂದೇ ಗಾಳಿ, ಒಂದೇ ರಾತ್ರಿ. ನಾನು ಕಾನೂನು ಮಾಡಿದವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿದ ಮೇಲೆ ಆ ಬೈಗುಳ ಅರ್ಧ ಪೋರ್ಟರ್ ರ್ಯಾಂಚಿಗೇ ಸೇರಬೇಕಾದದ್ದು ಅನ್ನಿಸಿತು.

ಅಲ್ಲಿಂದ ಇವರು ನನ್ನ ಅಪಾರ್ಟ್‌ಮೆಂಟಿಗೆ ಬರಲಿಲ್ಲ. ಅಣ್ಣನ ಮನೆಗೆ ಬಂದು ಕೂತರು. ಅಣ್ಣತಮ್ಮ ಕೂಡಿ ಏನು ಮಸೆಯುತ್ತಿದ್ದರು ಎಂದು ಆ ಭಾನುವಾರ, ಇಪ್ಪತ್ತೈದರ ಮಾರ್ಚಿನಲ್ಲಿ, ಗೊತ್ತಾಯಿತು.

"ಇಲ್ಲೇ ಪ್ಯಾಲಿಸೇಡ್ಸ್‌ದಾಗ ಗುಡ್ಡಕ್ಕ ಬೆಂಕಿ ಬಿದ್ದು ಮನಿ ಸುಟ್ಟವಲ್ಲ ಜನವರಿಯಾಗ" ಎಂದರು ಭಾವ, ರೊಟ್ಟಿಯ ಚೂರನ್ನು ನನ್ನ ಕಡೆ ತೋರಿಸುತ್ತ. "ಹೊಗಿ ನಮ್ಮ ಅಂಗಳಕ್ಕ ಬಂದಿತ್ತು. ಅವರು ಗುಡ್ಡದ ಸಂದ್ಯಾಗ ಮನಿ ಕಟ್ಟಿದ್ದು ತಪ್ಪಲ್ಲೇನು? ಅವರಿಗೆ ಫೀಮಾ ಬಂತು. ನಮಗ್ಯಾಕ ಇಲ್ಲ? ನಾವ್ ಟ್ಯಾಕ್ಸ್ ಕಟ್ಟಿಲ್ಲೇನು? ಬೆಂಕಿಗೊಂದು ನ್ಯಾಯ, ನೀರಿಗೊಂದು ನ್ಯಾಯ?"

"ಅದು ನೀರು–ಬೆಂಕಿ ಪ್ರಶ್ನೆ ಅಲ್ಲ, ಪಪ್ಪಾ" ಎಂದಳು ಸಂಹಿತಾ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. "ದ್ವೀಪದಲ್ಲಿ ಕಟ್ಟಬೇಡಿ ಅಂತ ಸರ್ಕಾರ ಹೇಳೇ ಇಲ್ಲ. ಕಟ್ಟೋದಾದ್ರೆ ನಿಮ್ಮ ಸ್ವಂತ ರಿಸ್ಕ್ ಅಂತ ಹೇಳಿದೆ. ಆ ಮರಳು ಕೂತಲ್ಲಿ ಕೂರೋದೇ ಇಲ್ಲ. ಅದು ಸರಿದಾಡಿ ಅಲೆ ತಡೆಯೋದ್ರಿಂದಲೇ ಅದರ ಹಿಂದಿರೋ ಊರು ಉಳಿಯೋದು. ಅದಕ್ಕೇ ಅಗ್ಗ."

"ನೀ ಓದೂದು ಮೆಡಿಕಲ್ ಡಿವೈಸ್. ಮರಳಿನ ಸುದ್ದಿ ನಿನಗ್ಯಾಕ?"

"ಗೂಗಲ್ ಮಾಡಿದೆ. ಯಾರಾದರೂ ಮಾಡಬಹುದಿತ್ತು."

ಪಂಕಜಾ ಮಗಳ ತಟ್ಟೆಗೆ ಒತ್ತಾಯದಿಂದ ಮೊಸರು ಸುರಿದಳು. ಬಾಯಿ ಮುಚ್ಚು ಎನ್ನುವುದಕ್ಕೆ ಅದು ಅವಳ ರೀತಿ.

"ಕೇಳ, ಶಾಮಲಾ" ಎಂದು ಭಾವ ದನಿ ಮೆತ್ತಗೆ ಮಾಡಿದರು. "ಗೆರಿ ಅಂದ್ರ ದೇವರು ಕೊರದದ್ದಲ್ಲ. ಕಾನೂನು ಮಾಡಾವ್ರು ಆಗಾಗ ತಿದ್ತಾರ. ನಮ್ಮ ದ್ವೀಪದ ಮಂದಿ ಎಲ್ಲಾ ಕೂಡಿ ಅರ್ಜಿ ಹಾಕ್ಯಾರ. ಇವತ್ತಿಲ್ಲ ನಾಳೆ ನಾವ್ ಗೆರಿ ಹೊರಗ ಬರ್ತೀವಿ. ಅಲ್ಲೀತನಕ ಮನಿ ನಿಲ್ಲಿಸಿದ್ರ ಸಾಕು. ಕಂಬ ಗಟ್ಟಿ ಅದಾವ."

"ಗೆರಿ ಹೊರಗ ಬಂದ್ರ ಸಮುದ್ರಕ್ಕ ಗೊತ್ತಾಗತೈತೇನ್ರಿ?"

"ಎಲ್ಲಾದಕ್ಕೂ ಕೊಂಕು! ನಮ್ಮವ್ವನ ಹೆಸರಿನ ಮನಿ ಅದು. ಮಂದಿ ಏನಂತಾರ? ಬಾಳಾಸಾಹೇಬ ಮರಳಾಗ ರೊಕ್ಕಾ ಹುಗುದ ಅಂತಾರ."

"ಹುಗದ್ದು ಖರೇ ಐತಲ್ರಿ."

ಭಾವನ ಮುಖ ಕಪ್ಪಾಯಿತು. ಏಕನಾಥ ತಟ್ಟೆ ನೋಡುತ್ತಿದ್ದರು. ನಾನು ಅವರ ಕಡೆ ತಿರುಗಿದೆ.

"ನೀವಾರ ಏನರೆ ಹೇಳ್ರಿ. ಮನಿ ಹೋತು. ಹೋಗ್ಲಿ. ಮೀರಾ ಮೇಸಾದಾಗ ಎರಡು ಖೋಲಿ ಅದಾವ. ಗಿರಣಿ ನಡೀತೈತಿ. ಇಬ್ಬರ ಹೊಟ್ಟಿಗೆ ಏನ್ ಕಡಿಮಿ? ಬರ್ರಿ ಅಂದ್ರ ಬರವಲ್ರಿ."

"ಹಿಟ್ಟಿನ ಗಿರಣ್ಯಾಗ ಕುಂತು ತಕ್ಕಡಿ ಹಿಡೀಲೇನು ನಾನು?" ಎಂದರು ಇವರು, ತಟ್ಟೆಗೇ ಹೇಳುವ ಹಾಗೆ.

ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮಾತು ಅವರ ಬಾಯಿಂದ ಬಂತು. ಒಳಗೆ ಇತ್ತು ಎಂದು ನನಗೆ ಗೊತ್ತಿತ್ತು. ಗೆಳೆಯರ ಮುಂದೆ "ಷಿ ರನ್ಸ್ ಅ ಫುಡ್ ಬಿಸಿನೆಸ್" ಎನ್ನುತ್ತಿದ್ದರು, ಗಿರಣಿ ಎನ್ನುತ್ತಿರಲಿಲ್ಲ.

ಭಾವ ತಮ್ಮನ ಭುಜ ತಟ್ಟಿದರು. "ಬಿಡೋ. ಹೆಂಗಸರಿಗೆ ಹೇಳಿದ್ರ ತಿಳಿಯೂದಿಲ್ಲ. ನಾಳೆ ಗೋಪಿನಾಥ್ ಹೋಗಿ ಮಶೀನ್ ನೋಡಿ ಬರ್ಲಿ, ಆಮ್ಯಾಲ ಮಾತಾಡೂಣು."

"ಯಾವ ಗೋಪಿನಾಥ್?"

ಕೇಳುತ್ತಲೇ ಹೊಳೆಯಿತು. ವಾಲ್‌ನಟ್‌ನ ಗೋಪಿನಾಥ್ ನನಗೆ ಗೊತ್ತು. ಕಿರಾಣಿ ಅಂಗಡಿ ಇಟ್ಟುಕೊಂಡವನು. ಎರಡು ಸಲ ಬಂದು ನನ್ನ ಕಲ್ಲು ಮುಟ್ಟಿ ನೋಡಿ, ಮಾರುವುದಾದರೆ ಹೇಳಿ ಆಂಟಿ ಎಂದಿದ್ದ. ಎರಡು ಸಲವೂ ನಾನು ಅವನನ್ನು ಬಾಗಿಲವರೆಗೆ ಬಿಟ್ಟು ಬಂದಿದ್ದೆ.

"ನಾಳೆ ಸೋಮವಾರ. ಸೋಮವಾರ ಗಿರಣಿ ಬಂದ್ ಇರತೈತಿ. ನಾ ಇಲ್ಲದಾಗ ಆಂವ ಹ್ಯಾಂಗ ಒಳಗ ಹೋಗ್ತಾನ?"

ಏಕನಾಥ ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತಲೇ ಇದ್ದರು. ಕಲಸಿದ್ದನ್ನೇ ಕಲಸಿದರು.

ಗಿರಣಿಗೆ ಎರಡು ಕೀಲಿಕೈ. ಒಂದು ನನ್ನ ಹತ್ತಿರ. ಇನ್ನೊಂದನ್ನು, ನನಗೇನಾದರೂ ಆದರೆ ಯಾರಾದರೂ ಬಾಗಿಲು ತೆಗೆಯಲಿ ಎಂದು, ನಾನೇ ಇವರಿಗೆ ಕೊಟ್ಟಿದ್ದೆ. ದ್ವೀಪಕ್ಕೆ ಹೋಗುವಾಗಲೂ ಅದನ್ನು ಕೊರಳ ದಾರಕ್ಕೆ ಕಟ್ಟಿಕೊಂಡಿದ್ದರು. ಚಂಡಮಾರುತದಿಂದ ಉಳಿದು ಬಂದ ವಸ್ತು ಅದೊಂದೇ. ಅವತ್ತು ಅವರ ಕೊರಳ ಕಡೆ ನೋಡಿದೆ. ದಾರ ಇತ್ತು, ಕೀಲಿಕೈ ಇರಲಿಲ್ಲ.

"ಕೀಲಿ ಎಲ್ಲಿ ಐತಿ?"

"ಶಾಮಲಾ, ಬರೀ ನೋಡ್ಲಿ ಅಂತ..."

"ಕೀಲಿ ಎಲ್ಲಿ ಐತಿ ಅಂತ ನಿನ್ನ ಕೇಳಾಕ ಹತ್ತೀನಿ."

ಪಂಕಜಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ಗಂಡನನ್ನು ನೀನು ಎಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಗೋಪಿನಾಥ್‌ಗೆ ಕೊಟ್ಟೀನಿ" ಎಂದರು ಏಕನಾಥ. "ಶುಕ್ರವಾರ. ಅಣ್ಣ ಅಂದ."

"ಅಣ್ಣ ಅಂದ!"

"ಹೌದು, ನಾನಽ ಅಂದೆ" ಎಂದು ಭಾವ ಎದ್ದು ನಿಂತರು. "ಆ ಮಶೀನ್ ತಗೋವಾಗ ಇವನ ಸಂಬಳದ ರೊಕ್ಕಾ ಬಿದ್ದಿಲ್ಲೇನು? ಗಂಡನ ಮನಿ ಬಿದ್ದಾಗ ಹೇಂತಿ ಕೈ ಕೊಡೂದು ನಮ್ಮ ಪದ್ಧತಿ. ನಿಮ್ಮ ಊರಾಗ ಹ್ಯಾಂಗೋ ಗೊತ್ತಿಲ್ಲ."

"ನಮ್ಮ ಊರಾಗ ಹೇಂತಿ ಊಟಕ್ಕ ಕುಂತಾಗ ಅಕಿ ಗಿರಣಿ ಕೀಲಿ ಮಂದಿಗೆ ಕೊಡೂದಿಲ್ರಿ. ಅಷ್ಟು ಗೊತ್ತೈತಿ."

ನಾನು ಕೈ ತೊಳೆದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅನ್ನ ಬಿಟ್ಟು ಏಳಬಾರದು ಎಂದು ಕಲಿಸಿದವರು ಇಂಥ ಮನೆಯಲ್ಲಿ ಉಂಡಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿದ್ದ ಹಿಟ್ಟಿನ ಚೀಲದ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡೆ.

"ಹಿಟ್ಟರೆ ಬಿಟ್ಟು ಹೋಗ" ಎಂದಳು ಪಂಕಜಾ, ಪಿಸುದನಿಯಲ್ಲಿ. ಅವಳಿಗೆ ನಾಳೆಯ ರೊಟ್ಟಿಯ ಚಿಂತೆ. ತಪ್ಪಲ್ಲ, ಆ ಮನೆಯಲ್ಲಿ ಅವಳಿಗೆ ಇನ್ನೇನು ಚಿಂತಿಸಲು ಬಿಟ್ಟಿದ್ದಾರೆ?

"ಗೋಪಿನಾಥನ ಅಂಗಡ್ಯಾಗ ಪ್ಯಾಕೆಟ್ ಸಿಗತೈತಿ, ಅಕ್ಕಾ."

ಗ್ಯಾರೇಜಿನ ಬಾಗಿಲಿಂದ ಹೊರಟೆ. ಅಲ್ಲಿ ಗೋಡೆಗೆ ಒಂದು ಹೊಸ ಕರಿಕಲ್ಲು ಒರಗಿಸಿಟ್ಟಿದ್ದರು. ನಡುವೆ ದೊಡ್ಡದಾಗಿ 'ಮಾತೋಶ್ರೀ'. ಕೆಳಗೆ ಅಣ್ಣನ ಹೆಸರು, ಅದರ ಕೆಳಗೆ ತಮ್ಮನ ಹೆಸರು. ಕೆತ್ತಿದ ಅಕ್ಷರದಲ್ಲಿ ಇನ್ನೂ ಧೂಳು ಇತ್ತು. ಮನೆಗೆ ಮೊಳೆ ಬೀಳುವ ಮುಂಚೆ ಫಲಕ ಬಂದಿತ್ತು. ಒದೆಯಬೇಕು ಅನ್ನಿಸಿತು. ಕಲ್ಲಿನ ತಪ್ಪು ಏನೂ ಇರಲಿಲ್ಲ, ಬಿಟ್ಟೆ.

ಪಂಕಜಾ ಕುಂಕುಮದ ಬಟ್ಟಲು ಹಿಡಿದು ಹಿಂದೆ ಓಡಿ ಬಂದಿದ್ದಳು. "ಹಂಗ ಹೋಗಬ್ಯಾಡ. ಕುಂಕುಮ ಹಚಗೊಂಡು ಹೋಗ." ಬಂದ ಮುತ್ತೈದೆಗೆ ಕುಂಕುಮ ಹಚ್ಚಿ ಕಳಿಸುವುದು, ಮತ್ತೆ ಬಾ ಎಂದು. ಎಷ್ಟು ವರ್ಷ ಅವಳ ಬೆರಳಿಗೆ ನಾನು ಹಣೆ ಕೊಟ್ಟಿದ್ದೆ.

ಅವಳ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದೆ. ಅವಳಿಗೆ ಅರ್ಥವಾಯಿತು. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸಂಹಿತಾ ತನ್ನ ಬ್ಯಾಗು ತಂದು ಆಗಲೇ ಕಾರಿನಲ್ಲಿ ಕೂತಿದ್ದಳು. "ಕಾಕಿ, ದಾರೀಲಿ ಕೀ ಮಾಡೋ ಅಂಗಡಿಯವನಿಗೆ ಫೋನ್ ಮಾಡ್ಲಾ? ಸಂಡೇನೂ ಬರ್ತಾರೆ, ಬೀಗ ಬದಲಾಯಿಸಿ ಕೊಡ್ತಾರೆ." ಈ ಸಲ ಕನ್ನಡದಲ್ಲೇ ಹೇಳಿದಳು.

"ಮಾಡವಾ."

ಏಕನಾಥ ಅಂಗಳಕ್ಕೆ ಬಂದು ಕಾರಿನ ಕಿಟಕಿಗೆ ಕೈ ಇಟ್ಟರು. ಎಂಜಲು ಕೈ. ಗಾಜಿನ ಮೇಲೆ ಮೊಸರಿನ ಗುರುತು ಬಿತ್ತು. "ಎಲ್ಲಿ ಹೊಂಟಿ? ಕುಂತು ಮಾತಾಡೂಣು. ಅಣ್ಣ ಸಿಟ್ಟಿನ ಮ್ಯಾಲ ಅಂದಾನ."

"ನೀವು ಬರ್ತೀರೇನು? ಹಿಂದಿನ ಸೀಟ್ ಖಾಲಿ ಐತಿ. ಹಿಟ್ಟಿನ ಚೀಲ ಒಂದೀಟು ಸರಿಸಿದ್ರಾತು."

ಖರೇ ಕೇಳಿದ್ದೆ. ಅಷ್ಟೆಲ್ಲ ಆದ ಮೇಲೂ ಖರೇ ಕೇಳಿದ್ದೆ. ಅವರು ಹಿಂದಿನ ಸೀಟು ನೋಡಿದರು. ಆಮೇಲೆ ಹಿಂದೆ ತಿರುಗಿ ಗ್ಯಾರೇಜಿನ ಕಡೆ ನೋಡಿದರು. ಅಲ್ಲಿ ಭಾವ ಕರಿಕಲ್ಲಿನ ಪಕ್ಕ ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು.

ಕೈ ಕಿಟಕಿಯಿಂದ ಜಾರಿತು.

ನಾನು ಗುಡ್ಡ ಇಳಿದು ಫ್ರೀವೇ ಹಿಡಿದೆ. ಕತ್ತಲಾಗುವ ಮೊದಲು ಗಿರಣಿಯ ಬೀಗ ಬದಲಾಯಿತು. ಸೋಮವಾರ ಗೋಪಿನಾಥ್ ಹಳೆಯ ಕೀಲಿಕೈ ತಂದು ತಿರುಗಿಸುವಾಗ ನಾನು ಒಳಗೆ ಯಂತ್ರ ಓಡಿಸುತ್ತ ನಿಂತಿದ್ದೆ. ಬಾಗಿಲು ತೆರೆಯಲಿಲ್ಲ, ಅವನು ವಾಪಸ್ ಹೋದ. ದ್ವೀಪದ ಗೆರೆ ಇನ್ನೂ ಅಲ್ಲೇ ಇದೆಯಂತೆ, ಕರಿಕಲ್ಲು ಗ್ಯಾರೇಜಿನಲ್ಲಿ. ಏಕನಾಥರೂ ಪೋರ್ಟರ್ ರ್ಯಾಂಚಿನಲ್ಲೇ ಇದ್ದಾರೆ. ಆ ಮನೆಗೆ ನಾನು ಮತ್ತೆ ಹೋಗಿಲ್ಲ.